ಏಳನೆಯ ವಾರ

ಅಧ್ಯಾಪಕ ತರಬೇತಿ ಪಡೆದವರ ಮನೆಯ ಅಟ್ಟದಲ್ಲೋ ಪೆಟ್ಟಿಗೆಯ ತಳದಲ್ಲೋ ಒಂದು ದಪ್ಪ ಪುಸ್ತಕ ಇದ್ದೇ ಇರುತ್ತದೆ. ರೆಕಾರ್ಡು ಎಂದು ಅದರ ಹೆಸರು. ಪಾಠ ಟಿಪ್ಪಣಿಗಳು, ಮಕ್ಕಳ ಹಾಜರಿ, ಬಣ್ಣದ ಪೆನ್ಸಿಲಿನ ಚಿತ್ರಗಳು, ಪುಟಪುಟಕ್ಕೂ ಮಾರ್ಗದರ್ಶಕರ ಸಹಿ. ಕೊನೆಯ ಕೆಲವು ಪುಟಗಳಿಗೆ 'ಸಮಾಜ ಸೇವೆ' ಎಂಬ ತಲೆಬರಹ. ನನ್ನ ರೆಕಾರ್ಡಿನ ಆ ಪುಟಗಳ ಕೆಳಗೆ ಕೆಂಪು ಶಾಯಿಯಲ್ಲಿ 'ಉತ್ತಮ' ಎಂದು ಬರೆದಿದೆ. ಅದು 1979ನೆಯ ಇಸವಿ. ಕಲಿಸುವ ಕೆಲಸದಿಂದ ನಿವೃತ್ತನಾಗಿ ಎಷ್ಟೋ ವರ್ಷಗಳಾದ ಮೇಲೆ, ಆ ಒಂದು ಪದದ ಬಗ್ಗೆ ಮತ್ತೆ ಯೋಚಿಸುವಂತೆ ಮಾಡಿದ್ದು ಕಾಸರಗೋಡಿಗೆ ಬಹು ದೂರದ ಒಂದು ಊರು, ತಮಿಳುನಾಡಿನ ಆಂಡಿಪಟ್ಟಿ.

ಆಂಡಿಪಟ್ಟಿ ಎಂದರೆ ನಮ್ಮವರಿಗೆ ಮೊದಲು ನೆನಪಾಗುವುದು ಚುನಾವಣೆ. 1984ರಲ್ಲಿ ಎಂ.ಜಿ.ಆರ್. ಅಮೆರಿಕದ ಆಸ್ಪತ್ರೆಯಲ್ಲಿ ಮಲಗಿದ್ದುಕೊಂಡೇ ಗೆದ್ದು ಬಂದದ್ದು ಆ ಕ್ಷೇತ್ರದಿಂದ. ಜಯಲಲಿತಾ 2002ರಲ್ಲೂ 2006ರಲ್ಲೂ ಅಲ್ಲಿಂದಲೇ ವಿಧಾನಸಭೆಗೆ ಹೋದರು. ನನಗೆ ಅಲ್ಲಿಗೆ ಹೋಗುವ ಆಸೆ ಹುಟ್ಟಿದ್ದು ಮಾತ್ರ ಬೇರೆ ಕಾರಣದಿಂದ. ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ದೊಡ್ಡ ಗ್ರಂಥದಲ್ಲಿ 'ಕಪ್ಪಿಲಿಯನ್' ಎಂಬ ಹೆಸರಿನಡಿಯಲ್ಲಿ ಮದುರೆ ಸೀಮೆಗೆ ವಲಸೆ ಹೋದ ಕನ್ನಡ ಒಕ್ಕಲು ಮಕ್ಕಳ ವಿಚಾರವಿದೆ. ಕಂಬಂ ಕಣಿವೆಯಲ್ಲಿ ಈಗಲೂ ಅವರಿದ್ದಾರೆ. ದೇವಾಂಗ ನೇಕಾರರಲ್ಲೂ ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡವರು ಆ ಕಡೆ ಅನೇಕರು. ತಲೆಮಾರುಗಳ ಕಾಲ ಅಕ್ಷರದ ಆಸರೆಯಿಲ್ಲದೆ ಬಾಯಿಂದ ಬಾಯಿಗೆ ಮಾತ್ರ ನಡೆದುಬಂದ ಕನ್ನಡ ಹೇಗಿದ್ದೀತು ಎಂಬ ಕುತೂಹಲ ನನ್ನದು. ಗಡಿನಾಡಿನವನ ಕುತೂಹಲ ಎಂದಿಟ್ಟುಕೊಳ್ಳಿ. ಮದುರೆ–ಬೋಡಿ ರೈಲುಹಳಿಯನ್ನು ಅಗಲ ಮಾಡಲೆಂದು 2010ರ ಕೊನೆಗೆ ಮುಚ್ಚಿದ್ದರು. 2022ರಲ್ಲಿ ಥೇಣಿಯ ವರೆಗೆ ಮತ್ತೆ ಗಾಡಿ ಓಡತೊಡಗಿದಾಗ ಅದನ್ನೇ ನೆಪ ಮಾಡಿಕೊಂಡು, ಅಲ್ಲಿ ಪರಿಚಯವಿದ್ದ ಹಳೆಯ ಸಹೋದ್ಯೋಗಿಯೊಬ್ಬರ ಜೊತೆ ಹೊರಟೆ.

ಉಸಿಲಂಪಟ್ಟಿ ದಾಟಿ ಗುಡ್ಡಗಳ ನಡುವಿನ ಕಣಿವೆಯನ್ನು ಹಾದರೆ ಆಂಡಿಪಟ್ಟಿ. ಗಾಳಿಯ ಊರು, ದೂರಕ್ಕೆ ಗಾಳಿಯಂತ್ರಗಳ ಸಾಲು. ಅಷ್ಟು ಹತ್ತಿರದಲ್ಲಿ ವೈಗೈ ಅಣೆಕಟ್ಟು ಇದ್ದೂ ನೆಲ ಒಣಗಿದ್ದು. ಪೆರಿಯಾರ್ ನದಿಯ ನೀರು 1895ರಿಂದ ಬೆಟ್ಟ ಕೊರೆದು ಕಂಬಂ ಕಣಿವೆಗೆ ಇಳಿಯುತ್ತಿದೆಯಾದರೂ ಅದರ ಹಸುರು ಈ ಮೇಡಿನ ಭಾಗಕ್ಕೆ ಅಷ್ಟಾಗಿ ಹತ್ತಿಲ್ಲ. ನಾವು ಇಳಿದುಕೊಂಡದ್ದು ಒಂದು ನೇಕಾರರ ಮನೆಯಲ್ಲಿ. ನಡುಮನೆಯೇ ಮಗ್ಗದ ಮನೆ. ಮನೆಯ ಹಿರಿಯಾಕೆಗೆ ಎಪ್ಪತ್ತು ದಾಟಿರಬೇಕು. ನನ್ನ ಕನ್ನಡ ಕೇಳಿ ಆಕೆ ಮೊದಲು ನಕ್ಕರು, ಆಮೇಲೆ ಕಣ್ಣೊರೆಸಿಕೊಂಡರು. ನನ್ನದು ಪುಸ್ತಕದ ಭಾಷೆಯಂತೆ, ಅವರದು ಮನೆಯ ಭಾಷೆಯಂತೆ. ಅರ್ಧ ಗಂಟೆಯಲ್ಲಿ ಇಬ್ಬರಿಗೂ ಒಬ್ಬರ ಮಾತು ಒಬ್ಬರಿಗೆ ಹತ್ತಿತು.

ನಾನು ಹೇಳಹೊರಟದ್ದು ಅದಲ್ಲ. ನಾವು ಕೂತಿದ್ದಾಗಲೇ ಒಬ್ಬಳು ಹುಡುಗಿ ಬಾಗಿಲಲ್ಲಿ ಬಂದು ನಿಂತಳು. ನೀಲಿ ಅಂಚಿನ ಸೀರೆ, ಹೆಗಲಲ್ಲಿ ಚೀಲ, ಕೈಯಲ್ಲಿ ಅಚ್ಚು ಹಾಕಿದ ಹಾಳೆಗಳ ಕಟ್ಟು. ಯಾವುದೋ ಬಿ.ಎಡ್. ಕಾಲೇಜಿನವಳು. ಊರ ಶಾಲೆಗೆ ಬೋಧನಾಭ್ಯಾಸಕ್ಕೆ ಬಂದಿದ್ದಾಳೆ. ಅದರ ಅಂಗವಾಗಿ ಊರಿನ ಮನೆಗಳ ಸಮೀಕ್ಷೆ ಮಾಡಿ ಏನಾದರೊಂದು ಸೇವಾಕಾರ್ಯ ನಡೆಸಿ ವರದಿ ಬರೆಯಬೇಕು. ಮನೆಯಲ್ಲಿ ಎಷ್ಟು ಜನ, ಓದು ಬಲ್ಲವರೆಷ್ಟು, ಕಕ್ಕಸು ಇದೆಯೇ, ಕುಡಿಯುವ ನೀರು ಎಲ್ಲಿಂದ ಎಂದು ಒಂದೊಂದಾಗಿ ಕೇಳಿ ತುಂಬಿಸಿಕೊಂಡಳು. ನಾಲ್ಕನೆಯ ತರಗತಿಯ ಮೊಮ್ಮಗಳು ಅವಳ ಭುಜದ ಮೇಲಿಂದ ಬಗ್ಗಿ ಹಾಳೆ ಓದುತ್ತಿದ್ದಳು. ಹುಡುಗಿ ಎದ್ದು ಹೊರಡುವಾಗ ಅಜ್ಜಿ ಮೊಮ್ಮಗಳನ್ನು ಕೇಳಿದರು: ಅಕ್ಕ ಏನೇನು ಬರೆದಳು? ಮಗು ಓದಿ ಹೇಳಿತು. ತಾಯ್ನುಡಿ ಎಂಬ ಸಾಲಿನಲ್ಲಿ 'ತಮಿಳು' ಎಂದಿತ್ತು. ಅದೊಂದನ್ನು ಆಕೆ ಕೇಳಿರಲೇ ಇಲ್ಲ, ತಾನಾಗಿಯೇ ಬರೆದುಕೊಂಡಿದ್ದಳು.

ಅಜ್ಜಿ ಕೋಪಿಸಿಕೊಳ್ಳಲಿಲ್ಲ. "ಅವಳ ತಾಯಿ ಯಾರು ಅಂತ ನನ್ನ ಕೇಳ್ಬೇಡ್ವಾ?" ಎಂದು ನಮ್ಮ ಕಡೆ ತಿರುಗಿ ಕನ್ನಡದಲ್ಲಿ ಅಂದರು. ಆಮೇಲೆ ಹುಡುಗಿಗೆ ತಮಿಳಿನಲ್ಲಿ ಕೇಳಿದರು: ನೀನು ನಮಗೆ ಕಲಿಸಲು ಬಂದವಳೋ, ನಮ್ಮಿಂದ ಕಲಿಯಲು ಬಂದವಳೋ?

ಹುಡುಗಿಯ ಮುಖ ಕೆಂಪಾಯಿತು. ಆ ಪ್ರಶ್ನೆ ನನ್ನ ಮೇಲೂ ಬಿತ್ತು.

ನನ್ನ ಕಾಲದ ಬೋಧನಾಭ್ಯಾಸ ಆರು ವಾರದ್ದು. ಹಗಲು ಶಾಲೆ, ಸಂಜೆ ಸೇವೆ. ನನ್ನ ಪಾಲಿಗೆ ಬಂದದ್ದು ಶಾಲೆಯಿಂದ ಎರಡು ಮೈಲಿ ಆಚೆ ಗುಡ್ಡದ ಮೇಲಿದ್ದ ಒಂದು ಕಾಲನಿ. (ಕೇರಳ ಸರಕಾರ 2024ರ ಜೂನಿನಲ್ಲಿ ಆ ಪದವನ್ನು ಕಡತಗಳಿಂದ ಕೈಬಿಟ್ಟಿದೆ. ಆಗ ನಾವೆಲ್ಲ ಹಾಗೆಯೇ ಕರೆಯುತ್ತಿದ್ದದ್ದು.) ಹನ್ನೊಂದು ಮಕ್ಕಳು. ಮನೆಯಲ್ಲಿ ಆಡುವುದು ತುಳು. ಚಿಮಿಣಿ ದೀಪದ ಬೆಳಕಿನಲ್ಲಿ ಅವರಿಗೆ ಕನ್ನಡ ಅಕ್ಷರಾಭ್ಯಾಸ. ಚಿಮಿಣಿ ಎಣ್ಣೆ ಕೊಂಡುಹೋಗುತ್ತಿದ್ದವನು ನಾನೇ. ಮನಸ್ಸಿಟ್ಟು ಮಾಡಿದೆನೆಂದು ಈಗಲೂ ಹೇಳಬಲ್ಲೆ. ಕೊನೆಯ ದಿನ ಮಿಠಾಯಿ ಹಂಚಿ, ಒಟ್ಟಿಗೆ ನಿಂತು ಫೋಟೋ ತೆಗೆಸಿಕೊಂಡು, 'ಉತ್ತಮ' ಪಡೆದು ಗುಡ್ಡ ಇಳಿದೆ.

ಏಳೆಂಟು ವರ್ಷ ಕಳೆದು ಕುಂಬಳೆಯ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ತರುಣ ಎದುರು ಬಂದು ನಿಂತ. ಆ ಹನ್ನೊಂದು ಮಂದಿಯಲ್ಲಿ ಒಬ್ಬ. ಊರ ಸುದ್ದಿಯೆಲ್ಲ ಹೇಳಿದ. ಬಸ್ಸಿನ ಬೋರ್ಡು ಓದಲಿಕ್ಕೆ ಬರುತ್ತದೆ ಎಂದು ಸಂತೋಷದಿಂದಲೇ ಹೇಳಿದ. ಮತ್ತೆ ಏನೋ ನೆನಪಾದವನಂತೆ, "ನೀವು ಹೋದ ಮೇಲೂ ಒಂದು ವಾರ ನಾವು ಸ್ಲೇಟು ಹಿಡಕೊಂಡು ಅಲ್ಲೇ ಕೂತಿದ್ದೆವು ಮಾಸ್ತರೇ. ಎಣ್ಣೆ ಮುಗಿಯಿತಲ್ಲ, ಮತ್ತೆ ಹೋಗಲಿಲ್ಲ" ಎಂದ. ಅವನ ದನಿಯಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ನನಗೆ ಸಮಾಧಾನ ಹೇಳಿಕೊಳ್ಳಲು ಸುಲಭವಾಗುತ್ತಿತ್ತು.

ಹೊರಡುವ ಮೊದಲು ನಾನು ಆ ಮಕ್ಕಳಿಗೆ ಹೇಳಿರಲಿಲ್ಲವೇ? ಹೇಳಿದ್ದೆ. ತರಬೇತಿ ಮುಗಿಯಿತು, ಇನ್ನು ಬರುವುದಿಲ್ಲ ಎಂದಿದ್ದೆ. ಆದರೆ ತರಬೇತಿ ಎಂದರೆ ಏನೆಂದು ಅವರಿಗೆ ಯಾರು ಹೇಳಿದ್ದರು? ಅವರ ಲೆಕ್ಕದಲ್ಲಿ ಅದು ಶಾಲೆ, ನಾನು ಮಾಸ್ತರು. ನನ್ನ ಲೆಕ್ಕದಲ್ಲಿ ಅದು ಅಭ್ಯಾಸ. ಒಂದೇ ದೀಪದ ಸುತ್ತ ಕೂತು ನಾವು ಎರಡು ಬೇರೆ ಬೇರೆ ಕೆಲಸ ಮಾಡುತ್ತಿದ್ದೆವು. ಹಾಗೆಂದು ತಿಳಿದಿದ್ದವನು ನಾನೊಬ್ಬನೇ. ತಪ್ಪಿದ್ದರೆ ಅಲ್ಲಿದೆ. ಆರು ವಾರಕ್ಕೆ ನಿಲ್ಲಿಸಿದ್ದಕ್ಕಿಂತ ದೊಡ್ಡ ತಪ್ಪು, ಅದು ಆರು ವಾರದ್ದೆಂದು ಮೊದಲ ದಿನವೇ ಅವರಿಗೆ ಅರ್ಥವಾಗುವ ತುಳುವಿನಲ್ಲಿ ಹೇಳದೆ ಹೋದದ್ದು.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ಕಲಿಯುವವನು ಸೇವೆ ಮಾಡುತ್ತ ಕಲಿಯಬೇಕು ಎಂಬ ವಿಚಾರ ಹೊಸತಲ್ಲ. ಅಮೆರಿಕದಲ್ಲಿ ಇದಕ್ಕೆ 'ಸರ್ವಿಸ್ ಲರ್ನಿಂಗ್' ಎಂಬ ಹೆಸರು ಹುಟ್ಟಿದ್ದು 1967ರ ಸುಮಾರಿಗೆ. ಅದಕ್ಕಿಂತ ಮೂವತ್ತು ವರ್ಷ ಮೊದಲೇ, 1937ರ ಅಕ್ಟೋಬರಿನಲ್ಲಿ ವಾರ್ಧಾದಲ್ಲಿ ಗಾಂಧೀಜಿ ಕರೆದ ಶಿಕ್ಷಣ ಸಮ್ಮೇಳನ ಕೈಕೆಲಸವನ್ನು ಪಾಠದ ನಡುವಿಗೆ ತಂದಿತು; ಜಾಕಿರ್ ಹುಸೇನರ ಸಮಿತಿ ಅದಕ್ಕೆ ಪಠ್ಯಕ್ರಮದ ರೂಪ ಕೊಟ್ಟಿತು. ಆ ಸಮ್ಮೇಳನದ ನಿರ್ಣಯಗಳಲ್ಲಿ ಕೈಕೆಲಸದ ಮಾತು ಎಲ್ಲರಿಗೂ ನೆನಪಿದೆ. ಕಲಿಕೆ ಮಾತೃಭಾಷೆಯಲ್ಲೇ ನಡೆಯಬೇಕೆಂಬ ನಿರ್ಣಯವೂ ಅಲ್ಲಿಯದೇ ಎಂಬುದನ್ನು ನಾವು ಭಾಷಾ ಅಲ್ಪಸಂಖ್ಯಾತರಾದರೂ ನೆನಪಿಡಬೇಕಿತ್ತು.

ಆ ವಿಚಾರ ತಮಿಳು ನೆಲದಲ್ಲಿ ಬೇರೂರಿದ ಜಾಗ ಆಂಡಿಪಟ್ಟಿಗೆ ಬಹಳ ದೂರವೇನಲ್ಲ. ದಿಂಡಿಗಲ್ಲಿನ ಬಳಿಯ ಗಾಂಧಿಗ್ರಾಮವನ್ನು 1947ರಲ್ಲಿ ಕಟ್ಟಿದವರು ವೈದ್ಯೆ ಟಿ.ಎಸ್. ಸೌಂದ್ರಂ ಮತ್ತು ಅವರ ಪತಿ ಜಿ. ರಾಮಚಂದ್ರನ್. ಸೌಂದ್ರಂ ಟಿ.ವಿ.ಎಸ್. ಉದ್ಯಮದ ಸಿರಿವಂತ ಮನೆಯ ಮಗಳು. ರಾಮಚಂದ್ರನ್ ತಿರುವಿದಾಂಕೂರಿನ ಮಲಯಾಳಿ, ಶಾಂತಿನಿಕೇತನದಲ್ಲಿ ಓದಿದವರು. 1924ರಲ್ಲಿ, ಇನ್ನೂ ತರುಣನಾಗಿದ್ದಾಗಲೇ, ಗಾಂಧೀಜಿಯವರ ಎದುರು ಕೂತು ಯಂತ್ರಗಳನ್ನೆಲ್ಲ ನೀವು ವಿರೋಧಿಸುತ್ತೀರಾ ಎಂದು ಅಳುಕದೆ ಕೇಳಿದ ವಿದ್ಯಾರ್ಥಿ ಇವರೇ. ಹೊಲಿಗೆ ಯಂತ್ರಕ್ಕೆ ಗಾಂಧೀಜಿ ವಿನಾಯಿತಿ ಕೊಟ್ಟದ್ದು ಆ ಸಂಭಾಷಣೆಯಲ್ಲಿ. 1956ರಲ್ಲಿ ಅಲ್ಲಿ ಗ್ರಾಮೀಣ ಸಂಸ್ಥೆ ಆರಂಭವಾಯಿತು, 1976ರಲ್ಲಿ ಅದಕ್ಕೆ ವಿಶ್ವವಿದ್ಯಾಲಯದ ಸ್ಥಾನ ಸಿಕ್ಕಿತು. ಅಲ್ಲಿಯ ವಿದ್ಯಾರ್ಥಿಗಳು ಹಳ್ಳಿಯಲ್ಲಿ ಹೋಗಿ ತಂಗಿ ಕೆಲಸ ಮಾಡುವುದು ಓದಿನ ಭಾಗವಾಗಿಯೇ ಬೆಳೆದುಬಂತು. ಪಕ್ಕದ ಚಿನ್ನಾಳಪಟ್ಟಿಯಂತೂ ಸೀರೆಗೆ ಹೆಸರಾದ ದೇವಾಂಗ ನೇಕಾರರ ಊರು.

ಈಗ ಇದೆಲ್ಲ ಕಾನೂನಿನ ಮಾತಾಗಿದೆ. ರಾಷ್ಟ್ರೀಯ ಅಧ್ಯಾಪಕ ಶಿಕ್ಷಣ ಪರಿಷತ್ತಿನ 2014ರ ನಿಯಮಗಳು ಬಿ.ಎಡ್. ಅನ್ನು ಎರಡು ವರ್ಷಕ್ಕೆ ಏರಿಸಿ, ಒಟ್ಟು 20 ವಾರಗಳ ಶಾಲಾ ಅಭ್ಯಾಸವನ್ನು ಕಡ್ಡಾಯ ಮಾಡಿದವು. 2020ರ ಶಿಕ್ಷಣ ನೀತಿ ಸಮುದಾಯ ಸೇವೆಗೂ ಅಂಕ ಕೊಡಬೇಕೆನ್ನುತ್ತದೆ. ನಮ್ಮ ಕೇರಳದ ಬಿ.ಎಡ್. ಕಾಲೇಜುಗಳಲ್ಲಿ ಸಮೂಹ ಜೀವನ ಶಿಬಿರ ನಡೆಯುತ್ತದೆ. ಯಾರೂ ಆಕ್ಷೇಪಿಸುವಂತಹದ್ದಲ್ಲ. ನಾನೂ ಆಕ್ಷೇಪಿಸುತ್ತಿಲ್ಲ.

ನನ್ನ ತಕರಾರು ಇರುವುದು ಸೇವೆ ಎಂಬ ಪದದ ಮೇಲೆ. ಅಂಕಕ್ಕಾಗಿ ಮಾಡಿದ ಸೇವೆ ಸೇವೆಯೇ ಅಲ್ಲ ಎಂದು ವಾದಿಸುವವರಿದ್ದಾರೆ. ಫಲದ ಆಸೆ ಬಿಡಬೇಕೆಂದು ಗೀತೆ ಹೇಳುವುದಿಲ್ಲವೇ ಎಂದು ಕೇಳುತ್ತಾರೆ. ಆ ವಾದ ನನಗೆ ಒಪ್ಪಿಗೆಯಿಲ್ಲ. ಇಪ್ಪತ್ತೆರಡರ ಹುಡುಗಿಯಿಂದ ನಿಷ್ಕಾಮ ಕರ್ಮ ಕೇಳುವುದು, ಅದೂ ಸಂಬಳ ಪಡೆಯುವ ನಾವು ಕೇಳುವುದು, ಸ್ವಲ್ಪ ನಾಚಿಕೆಗೇಡು. ಅಂಕ ಇರಲಿ. ನನ್ನ ಮಾತು ಬೇರೆ: ಸೇವೆ ಎಂದ ಕೂಡಲೇ ಕೊಡುವವನು ಯಾರು, ತೆಗೆದುಕೊಳ್ಳುವವನು ಯಾರು ಎಂಬುದು ತೀರ್ಮಾನವಾಗಿಬಿಡುತ್ತದೆ. ಬೋಧನಾಭ್ಯಾಸದಲ್ಲಿ ಆ ತೀರ್ಮಾನ ತಲೆಕೆಳಗು. ಆ ಹನ್ನೊಂದು ಮಕ್ಕಳು ತಮ್ಮ ಸಂಜೆಗಳನ್ನು ಕೊಟ್ಟರು. ನನ್ನ ತಪ್ಪು ಉಚ್ಚಾರದ ತುಳುವನ್ನು, ಅನನುಭವವನ್ನು, ಒಮ್ಮೊಮ್ಮೆ ನನ್ನ ಸಿಡುಕನ್ನು ಸಹಿಸಿಕೊಂಡರು. ನಾನು ಕಲಿತೆ. ಆ ಕಲಿಕೆಯಿಂದ ಮೂವತ್ತಕ್ಕೂ ಹೆಚ್ಚು ವರ್ಷ ಉಣ್ಣುವ ಅನ್ನ ಸಂಪಾದಿಸಿದೆ. ಕೊಟ್ಟವರು ಯಾರು?

ವೈದ್ಯರನ್ನು ನೋಡಿ. ಸರಕಾರಿ ಆಸ್ಪತ್ರೆಯಲ್ಲಿ ಕಲಿಯುವ ಹುಡುಗರು ಸೂಜಿ ಚುಚ್ಚಲು ಅಭ್ಯಾಸ ಮಾಡುವುದು ಬಡವರ ತೋಳಿನ ಮೇಲೆ. ಕೈ ಪಳಗಿದ ಮೇಲೆ ಅದೇ ಕೈ ಪಟ್ಟಣದ ದೊಡ್ಡ ಆಸ್ಪತ್ರೆಗೆ ಹೋಗುತ್ತದೆ. ಅಧ್ಯಾಪಕರ ವಿಷಯದಲ್ಲೂ ಹಾಗೆಯೇ. ಬೋಧನಾಭ್ಯಾಸದವರು ಹೋಗುವುದು ಸಾಮಾನ್ಯವಾಗಿ ಹಳ್ಳಿಯ, ಕಾಲನಿಯ, ಕೂಲಿಯವರ ಮಕ್ಕಳ ಶಾಲೆಗೆ. ಶುಲ್ಕ ಕೊಟ್ಟು ಓದಿಸುವ ಹೆತ್ತವರು, ನಮ್ಮ ಮಕ್ಕಳ ಮೇಲೆ ಯಾರೂ ಕೈ ಪಳಗಿಸಬೇಡಿ, ಪರೀಕ್ಷೆ ಹತ್ತಿರ ಬಂತು ಎಂದು ಹೇಳಬಲ್ಲರು. ಹಾಗೆ ಹೇಳಲು ಬಾರದವರ ಮಕ್ಕಳೇ ನಮ್ಮ ಮೊದಲ ಗುರುಗಳಾಗುತ್ತಾರೆ. ನಮ್ಮ ಹಿರಿಯರು ದೇವಋಣ, ಋಷಿಋಣ, ಪಿತೃಋಣ ಎಂದು ಮೂರು ಸಾಲಗಳನ್ನು ಹೆಸರಿಸಿದರು. ಕಲಿತವನು ಗುರುಪರಂಪರೆಗೆ ಸಾಲಗಾರ ಎಂದರು. ಶಿಷ್ಯನಿಗೆ ತಾನು ಸಾಲಗಾರ ಎಂದು ಗುರು ನೆನಪಿಡಲು ಅವರು ಒಂದು ಹೆಸರು ಇಟ್ಟು ಹೋಗಲಿಲ್ಲ.

ಋಣವೆಂದು ಒಪ್ಪಿಕೊಂಡರೆ ಏನು ವ್ಯತ್ಯಾಸ? ಸಾಲಗಾರ ಮೊದಲು ಕೇಳುತ್ತಾನೆ, ಆಮೇಲೆ ತೆಗೆದುಕೊಳ್ಳುತ್ತಾನೆ. ಎಷ್ಟು ದಿನಕ್ಕೆ ಎಂದು ಹೇಳುತ್ತಾನೆ. ಯಾರಿಂದ ತೆಗೆದುಕೊಂಡೆನೆಂಬುದನ್ನು ಬರೆದಿಡುತ್ತಾನೆ. ಹಿಂದಿರುಗಿಸಲಾಗದಿದ್ದರೆ ಆ ದಾರಿಯಲ್ಲಿ ಹೋಗುವಾಗ ತಲೆ ತಗ್ಗಿಸಿಯಾದರೂ ನಡೆಯುತ್ತಾನೆ. ಸೇವಕ ಎಂದುಕೊಂಡವನಿಗೆ ಇದು ಯಾವುದರ ಅಗತ್ಯವೂ ಕಾಣುವುದಿಲ್ಲ.

ಈ ಮಾತನ್ನು ತರಬೇತಿ ಕಾಲೇಜಿನ ಅಧ್ಯಾಪಕ ಮಿತ್ರರೊಬ್ಬರ ಮುಂದೆ ಇಟ್ಟೆ. ಅವರು ಒಪ್ಪಲಿಲ್ಲ. "ನೀವು ಹೋಗದೆ ಇದ್ದಿದ್ದರೆ ಅವನಿಗೆ ಬಸ್ಸಿನ ಬೋರ್ಡು ಓದಲಿಕ್ಕೆ ಬರುತ್ತಿತ್ತೇ? ಹೀಗೆ ಮನಸ್ಸು ಕೊರೆಯುವವರು ಹೆಚ್ಚಾದರೆ ನಾಳೆ ಯಾರೂ ಗುಡ್ಡ ಹತ್ತುವುದಿಲ್ಲ" ಎಂದರು. ಅವರ ಮಾತಿನಲ್ಲಿ ತೂಕ ಇದೆ. ಬೋರ್ಡು ಓದಬಲ್ಲ ಅವನ ಸಂತೋಷ ನಿಜ. ಅದನ್ನು ನನ್ನ ಪಶ್ಚಾತ್ತಾಪದ ಬೂದಿಯಲ್ಲಿ ಮುಚ್ಚುವುದು ಅವನಿಗೆ ಮಾಡುವ ಇನ್ನೊಂದು ಅನ್ಯಾಯ. ಹತ್ತಬೇಕು. ಆದರೆ ನನ್ನ ನಂತರದ ತಂಡದವರು ಅದೇ ಗುಡ್ಡ ಹತ್ತಬಹುದಿತ್ತು. ಅವರನ್ನು ಬೇರೆ ಕಡೆಗೆ ಕಳಿಸಿದರು, ಪ್ರತಿ ವರ್ಷ ಹೊಸ ಊರು ಆದರೆ ವರದಿ ಚೆನ್ನಾಗಿರುತ್ತದೆಂದು. ಹತ್ತು ವರ್ಷ ಹತ್ತು ಊರಿಗೆ ಆರಾರು ವಾರ ಹೋಗುವುದಕ್ಕೂ ಹತ್ತು ವರ್ಷ ಒಂದೇ ಊರಿಗೆ ಹೋಗುವುದಕ್ಕೂ ಖರ್ಚು ಒಂದೇ. ಎರಡನೆಯದರಲ್ಲಿ ಒಬ್ಬರ ಬರಹ ಇನ್ನೊಬ್ಬರ ಕೈಗೆ ದಾಟಬೇಕಾಗುತ್ತದೆ, ಅಷ್ಟೇ ಕಷ್ಟ.

ನಮ್ಮ ಎಣ್ಮಕಜೆ ಕಡೆಯವರಿಗೆ ಈ ಕಷ್ಟ ಬಿಡಿಸಿ ಹೇಳಬೇಕಾಗಿಲ್ಲ. ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದು 2000ನೆಯ ಇಸವಿಯ ವರೆಗೆ. ಸುಪ್ರೀಂ ಕೋರ್ಟು ಅದನ್ನು ದೇಶದಲ್ಲೇ ನಿಲ್ಲಿಸಿದ್ದು 2011ರಲ್ಲಿ. ನಡುವಿನ ವರ್ಷಗಳಲ್ಲಿ ಆ ಮನೆಗಳಿಗೆ ಎಷ್ಟು ತಂಡಗಳು ಬಂದವೋ. ಕ್ಯಾಮರಾ ಹಿಡಿದವರು, ಪ್ರಶ್ನಾವಳಿ ಹಿಡಿದವರು, ಒಂದು ದಿನದ ಶಿಬಿರದವರು. ಅವರ ಬರವಿನಿಂದಲೇ ಜಗತ್ತಿಗೆ ಸುದ್ದಿ ತಿಳಿಯಿತು, ಅದನ್ನು ಅಲ್ಲಗಳೆಯಲಾರೆ. ಹಾಗೆಂದು ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ನೂರನೆಯ ಸಲ ಅದೇ ಕತೆ ಹೇಳುವ ತಾಯಿಯ ದಣಿವು ಯಾರ ರೆಕಾರ್ಡಿನಲ್ಲಿ ಬರೆದಿದೆ? ವಿಶೇಷ ಮಕ್ಕಳಿಗಾಗಿ ಬಡ್ಸ್ ಶಾಲೆಗಳು ಬಂದ ಮೇಲೆ ಅಲ್ಲಿ ದಿನಾ ಬಂದು ಮಕ್ಕಳ ಬಾಯಿ ಒರೆಸುವ ಟೀಚರುಗಳೂ ಆಯಾಗಳೂ ಇದ್ದಾರೆ. ಬೋಧನಾಭ್ಯಾಸದ ಹುಡುಗರು ಅಲ್ಲಿಗೆ ಹೋಗುವುದಾದರೆ, ಕಾರ್ಯಕ್ರಮ ಮಾಡದೆ, ಆ ಆಯಾಗಳ ಕೈಕೆಳಗೆ ಒಂದು ತಿಂಗಳು ಸುಮ್ಮನೆ ಕೆಲಸ ಮಾಡಿ ಬರಲಿ ಎಂದು ನನಗನಿಸುತ್ತದೆ.

ಇನ್ನೊಂದು ಅಪಾಯವೂ ಇದೆ. ಅದು ತಿರಸ್ಕಾರದಿಂದ ಬರುವುದಲ್ಲ, ಅತಿ ಗೌರವದಿಂದ ಬರುವುದು. ಮನೆಯಿಂದ ಕಲಿಯಬೇಕು, ಮಗ್ಗವೇ ಪಾಠಶಾಲೆ ಎಂದು ನಾವು ಭಾವುಕರಾಗುವುದುಂಟು. 1953ರಲ್ಲಿ ರಾಜಾಜಿ ಮದ್ರಾಸಿನ ಮುಖ್ಯಮಂತ್ರಿಯಾಗಿದ್ದಾಗ ಹಳ್ಳಿಯ ಪ್ರಾಥಮಿಕ ಶಾಲೆಗಳ ಪಾಠವನ್ನು ದಿನಕ್ಕೆ ಮೂರು ಗಂಟೆಗೆ ಇಳಿಸಿ, ಉಳಿದ ಹೊತ್ತು ಮಕ್ಕಳು ಹೆತ್ತವರ ಕಸುಬು ಕಲಿಯಲಿ ಎಂದರು. ಆಗ ನಮ್ಮ ಕಾಸರಗೋಡೂ ಮದ್ರಾಸು ರಾಜ್ಯದಲ್ಲೇ ಇತ್ತು. ನೇಕಾರನ ಮಗ ನೇಕಾರನೇ, ಚಮ್ಮಾರನ ಮಗ ಚಮ್ಮಾರನೇ ಆಗಲಿ ಎಂಬ 'ಕುಲಕಲ್ವಿ' ಇದು ಎಂದು ಪೆರಿಯಾರರೂ ದ್ರಾವಿಡ ಪಕ್ಷಗಳವರೂ ಎದ್ದು ನಿಂತರು; ಕಾಂಗ್ರೆಸಿನ ಒಳಗೇ ವಿರೋಧ ಬೆಳೆಯಿತು. 1954ರಲ್ಲಿ ರಾಜಾಜಿ ಅಧಿಕಾರ ಬಿಟ್ಟರು, ಕಾಮರಾಜರು ಬಂದರು, ಯೋಜನೆ ಹೋಯಿತು. ಅಧ್ಯಾಪಕನಾಗುವವನು ಇದನ್ನು ಮರೆಯಬಾರದು. ಮಗುವಿನ ಮನೆಯನ್ನು ತಿಳಿಯಬೇಕು ನಿಜ, ತಿಳಿದು ಅದಕ್ಕೇ ಮಗುವನ್ನು ಕಟ್ಟಿಹಾಕಿದರೆ ತಿಳಿದು ಮಾಡಿದ ದ್ರೋಹ. ಆಂಡಿಪಟ್ಟಿಯ ಅಜ್ಜಿಗೇ ಮೊಮ್ಮಗಳು ಮಗ್ಗಕ್ಕೆ ಕೂರುವುದು ಬೇಡ. ನರ್ಸ್ ಆಗಲಿ ಎನ್ನುತ್ತಾರೆ.

ಮರುದಿನ ಮಧ್ಯಾಹ್ನ ಆ ಹುಡುಗಿ ಮತ್ತೆ ಬಂದಳು. ಈ ಸಲ ಕೈಯಲ್ಲಿ ಹಾಳೆ ಇರಲಿಲ್ಲ. ಜಗಲಿಯಲ್ಲಿ ಕೂತು ಮಗುವಿನ ತಮಿಳು ನೋಟ್‌ಬುಕ್ಕು ತಿರುವುತ್ತ, ಅಜ್ಜಿಯ ಹತ್ತಿರ ಒಂದು ಸಂಗತಿ ಹೇಳಿಕೊಂಡಳು. ತರಗತಿಯಲ್ಲಿ ಈ ಮಗು ಪಾಲ್ ಎನ್ನುವ ಕಡೆ ಒಮ್ಮೊಮ್ಮೆ ಹಾಲು ಎನ್ನುತ್ತದೆ, ಪತ್ತು ಎನ್ನುವ ಕಡೆ ಹತ್ತು ಎನ್ನುತ್ತದೆ. ಉಳಿದ ಮಕ್ಕಳು ನಗುತ್ತಾರೆ. ಉಚ್ಚಾರ ದೋಷ ಎಂದು ತಾನು ಪಟ್ಟಿಯಲ್ಲಿ ಬರೆದುಬಿಟ್ಟಿದ್ದೇನೆ ಎಂದಳು. ನನ್ನ ಮಿತ್ರರ ಮೂಲಕ ನಾನು ಅವಳಿಗೆ ಹೇಳಿದೆ: ಅದು ದೋಷವಲ್ಲ, ಅದು ಕನ್ನಡ. ಸಾವಿರ ವರ್ಷದ ಹಿಂದೆ ಕನ್ನಡದಲ್ಲೂ ಪಾಲ್, ಪತ್ತು, ಪೂ ಎಂದೇ ಇತ್ತು. ತಮಿಳೂ ಮಲಯಾಳವೂ ಆ ಪಕಾರವನ್ನು ಉಳಿಸಿಕೊಂಡವು, ಕನ್ನಡದಲ್ಲಿ ಮಾತ್ರ ಅದು ಹಕಾರವಾಯಿತು. ಈ ಮಗುವಿನ ನಾಲಗೆಯ ಮೇಲೆ ಆ ಚರಿತ್ರೆ ಇದೆ, ಅಷ್ಟೆ. ಹುಡುಗಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಮಗುವನ್ನು ಹತ್ತಿರ ಕೂರಿಸಿಕೊಂಡು, ಇನ್ನೂ ಏನೇನು ಪದ ಹೀಗಿವೆ ಎಂದು ಕೇಳತೊಡಗಿದಳು. ಮಗು ಕಂಡಿಕೆ ಸುತ್ತುತ್ತಲೇ ಹೇಳುತ್ತ ಹೋಯಿತು, ಹುಡುಗಿ ತಮಿಳಕ್ಷರದಲ್ಲಿ ಬರೆದುಕೊಳ್ಳುತ್ತ ಹೋದಳು. ಲಾಳಿ, ಹಾಸು, ಹೊಕ್ಕು. ಬರೆದದ್ದನ್ನು ಓದಿ ತೋರಿಸಿದಾಗ ಅವಳ ಉಚ್ಚಾರಕ್ಕೆ ಈ ಸಲ ಮಗು ನಕ್ಕಿತು.

ಬೋಧನಾಭ್ಯಾಸದಲ್ಲಿ ಒಬ್ಬ ಅಧ್ಯಾಪಕ ವಿದ್ಯಾರ್ಥಿ ಮಾಡಬಹುದಾದ ಸೇವೆ ಇದಕ್ಕಿಂತ ದೊಡ್ಡದಿಲ್ಲ ಎಂದು ನನ್ನ ನಂಬಿಕೆ. ಗೋಡೆಗೆ ಸುಣ್ಣ ಬಳಿಯುವುದು, ಗಿಡ ನೆಡುವುದು ಒಳ್ಳೆಯದೇ. ಅದನ್ನು ಯಾರೂ ಮಾಡಬಹುದು. ಒಂದು ಮಗುವಿನ 'ತಪ್ಪು' ತಪ್ಪಲ್ಲ ಎಂದು ಕಂಡುಹಿಡಿಯುವುದು, ಅದನ್ನು ಶಾಲೆಯ ಪುಸ್ತಕದಲ್ಲಿ ಬರೆದಿಟ್ಟು ಮುಂದಿನವರ ಕೈಗೆ ಕೊಟ್ಟು ಹೋಗುವುದು, ಕಲಿಯುವ ಅಧ್ಯಾಪಕನಿಗೆ ಮಾತ್ರ ಸಾಧ್ಯ. ಕಾಯಂ ಅಧ್ಯಾಪಕರಿಗೆ ಅಷ್ಟು ಬಿಡುವೂ ಇಲ್ಲ, ಎಷ್ಟೋ ಸಲ ಆ ಕಿವಿಯೂ ಉಳಿದಿರುವುದಿಲ್ಲ.

ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಕಲಿಕೆಗೆ ಸೌಕರ್ಯ ಕೊಡಬೇಕೆನ್ನುತ್ತದೆ. ಅದು ಸೇರ್ಪಡೆಯಾದದ್ದು 1956ರಲ್ಲಿ, ನಾವು ಕೇರಳಕ್ಕೆ ಸೇರಿದ ವರ್ಷವೇ. ಅದರ ಬಲದಿಂದಲೇ ನಾವು ಕನ್ನಡ ಶಾಲೆಗಳನ್ನು ಕೇಳುತ್ತ ಬಂದಿದ್ದೇವೆ. ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ಮಾಧ್ಯಮದ ತರಗತಿಗೆ ನೇಮಿಸಿದಾಗ ಮಕ್ಕಳೂ ಹೆತ್ತವರೂ ಬೀದಿಗಿಳಿದದ್ದು ಒಂದೆರಡು ಸಲವಲ್ಲ. ಅದು ಸರಿಯಾದ ಹೋರಾಟ, ಇನ್ನೂ ಮುಗಿದಿಲ್ಲ. ಈ ಸಂಚಿಕೆಯ ಇನ್ನೊಂದು ಅರ್ಧವನ್ನು ಓದುವ ಮಲಯಾಳಿ ಸ್ನೇಹಿತರಲ್ಲಿ ನನ್ನದೊಂದು ವಿನಂತಿ: ನಿಮ್ಮ ಮಕ್ಕಳು ಅಧ್ಯಾಪಕರಾಗಲು ಓದುತ್ತಿದ್ದರೆ, ಅವರ ಇಪ್ಪತ್ತು ವಾರಗಳಲ್ಲಿ ಒಂದೆರಡನ್ನು ಒಂದು ಕನ್ನಡ ಶಾಲೆಯ ಹಿಂದಿನ ಬೆಂಚಿನಲ್ಲಿ ಕಳೆಯಲಿ. ಕಲಿಸುವುದು ಬೇಡ. ಅರ್ಥವಾಗದ ಭಾಷೆಯಲ್ಲಿ ಪಾಠ ಕೇಳುವುದೆಂದರೆ ಏನೆಂದು ಮೈಗೆ ತಿಳಿಯಲಿ.

ಇಷ್ಟು ಹೇಳಿ ಸುಮ್ಮನಾದರೆ ನಾನು ಅರ್ಧ ಸತ್ಯ ಹೇಳಿದಂತೆ. ನಮ್ಮ ಕನ್ನಡ ಶಾಲೆಗಳಲ್ಲೇ ಹಿಂದಿನ ಬೆಂಚಿನಲ್ಲಿ ಕೂತ ತುಳು ಮಗು, ಬ್ಯಾರಿ ಮಗು, ಮರಾಠಿ ಮಗು, ಕೊರಗ ಮಗು ಇವರ ಪಟ್ಟಿಯಲ್ಲಿ 'ಉಚ್ಚಾರ ದೋಷ' ಎಂದು ಬರೆದ ಕೈ ಯಾರದು? ನನ್ನದೇ. 1979ರ ಆ ರೆಕಾರ್ಡನ್ನು ಊರಿಗೆ ಬಂದ ಮೇಲೆ ಅಟ್ಟದಿಂದ ಇಳಿಸಿ ನೋಡಿದೆ. ಹನ್ನೊಂದು ಮಕ್ಕಳ ಹೆಸರಿನ ಎದುರು, ತಾಯ್ನುಡಿ ಎಂಬ ಅಂಕಣದಲ್ಲಿ, ಮೇಲಿನಿಂದ ಕೆಳಗಿನ ವರೆಗೆ ದುಂಡಾದ ಅಕ್ಷರದಲ್ಲಿ ನಾನು 'ಕನ್ನಡ' ಎಂದೇ ಬರೆದಿದ್ದೆ. ಕೇಳಿ ಬರೆದದ್ದಲ್ಲ. ಮಾಯಿಪ್ಪಾಡಿಯ ತರಬೇತಿ ಸಂಸ್ಥೆಯಲ್ಲಿ ಈಗ ಕನ್ನಡದಲ್ಲಿ 'ಡಿ.ಎಲ್.ಎಡ್.' ಓದುತ್ತಿರುವ ಮಕ್ಕಳಾದರೂ ಆ ಅಂಕಣ ತುಂಬುವ ಮೊದಲು ಒಂದು ಮಾತು ಮನೆಯವರನ್ನು ಕೇಳಿಯಾರೆಂದು ಆಸೆ.

ಆಂಡಿಪಟ್ಟಿಯಿಂದ ನಾವು ಹೊರಡುವ ಸಂಜೆಯ ಹೊತ್ತು. ಹುಡುಗಿ ಚೀಲ ಹೆಗಲಿಗೇರಿಸಿದಳು. ಅಜ್ಜಿ ನಾಳೆ ಬರುತ್ತೀಯಾ ಎಂದರು. ಬರುತ್ತೇನೆ ಎಂದಳು. ಎಷ್ಟು ದಿನ ಇದ್ದೀಯಾ ಎಂದರು. ಹುಡುಗಿ ಬೆರಳು ಮಡಚಿ ಎಣಿಸಿದಳು, ರಜೆ ಬಿಟ್ಟು ಇನ್ನು ಹದಿನೇಳು ದಿನ ಎಂದಳು. ಅಜ್ಜಿ ಮೊಮ್ಮಗಳ ಕಡೆ ತಿರುಗಿದರು. ಮಗು ಎದ್ದು ಹೋಗಿ ಸೀಮೆಸುಣ್ಣದ ಒಂದು ತುಂಡು ತಂದು, ಮಗ್ಗದ ಪಕ್ಕದ ಗೋಡೆಯ ಮೇಲೆ, ಕನ್ನಡದಲ್ಲಿ ಸಣ್ಣಗೆ ಎಣಿಸುತ್ತ, ಹದಿನೇಳು ಗೆರೆ ಎಳೆಯಿತು.